ಗಂಜಿ ಹಾಕಿದ ಬಟ್ಟೆ

ಹೊಳೆದಂಡೆಯ ಆ ಮಠದಲ್ಲಿ ಪ್ರವಚನ ಇರಲಿಲ್ಲ, ಪಲ್ಲಕ್ಕಿ ಇರಲಿಲ್ಲ, ಗದ್ದುಗೆಯೂ ಇರಲಿಲ್ಲ. ಪಡಸಾಲೆಯಲ್ಲಿ ಒಂದು ಹೊಲಿಗೆ ಮಿಷನ್ ಇತ್ತು. ಅದರ ಮುಂದೆ ಒಬ್ಬರು ಮುದುಕರು ಕೂತಿರುತ್ತಿದ್ದರು.

ಸುತ್ತಲಿನ ಊರುಗಳ ಜನ ಅವರನ್ನು ಹೊಲಿಗೆಜ್ಜಾರು ಎನ್ನುತ್ತಿದ್ದರು. ಯಾರು ಬಂದು ಏನೇ ಕೇಳಲಿ, ಅಜ್ಜಾರು ಪೆಡಲ್ ತುಳಿಯುವುದನ್ನು ನಿಲ್ಲಿಸದೆಯೇ ಉತ್ತರ ಕೊಡುತ್ತಿದ್ದರು. ದೊಡ್ಡ ಪ್ರಶ್ನೆಗೆ ಸಣ್ಣ ಉತ್ತರ. ಸಣ್ಣ ಪ್ರಶ್ನೆಗೆ ಅದೂ ಇಲ್ಲ.

ಅಲ್ಲಿ ಕಲಿಯಲು ಬಂದವರಿಗೆ ಮಂತ್ರೋಪದೇಶವಾಗುತ್ತಿರಲಿಲ್ಲ. ಮೊದಲು ಕೈಹೊಲಿಗೆ, ಆಮೇಲೆ ಮಿಷನ್. ಕಲಿತದ್ದು ಸಾಕೆಂದು ಅಜ್ಜಾರಿಗೆ ಅನ್ನಿಸಿದ ದಿನ, ಶಿಷ್ಯರು ಮಠದ ಹಣ ತೆಗೆದುಕೊಂಡು ಪೇಟೆಗೆ ಹೋಗಿ ತಮಗೊಂದು ಮಿಷನ್ ಆರಿಸಿ ತರಬೇಕು. ಅದರ ಮೇಲೆ ಮೊದಲ ಹೊಲಿಗೆಯನ್ನು ಅಜ್ಜಾರೇ ಹಾಕುತ್ತಾರೆ.

ಹೊಲಿಗೆ ಸರಿ ಬಿದ್ದರೆ ಅಪ್ಪಣೆ. ಮಿಷನ್ ತೆಗೆದುಕೊಂಡು ತಮ್ಮ ಊರಿಗೆ ಹೋಗಿ ನಾಲ್ಕು ಜನರಿಗೆ ಕಲಿಸಬಹುದು. ಸರಿ ಬೀಳದಿದ್ದರೆ ಅಪ್ಪಣೆ ಇಲ್ಲ. ಮತ್ತೆ ಯಾವಾಗ ಎಂದು ಕೇಳುವ ಹಾಗೂ ಇಲ್ಲ.

ಹಂಪವ್ವ ಮಠಕ್ಕೆ ಬಂದು ಆರು ವರ್ಷವಾಗಿತ್ತು. ಅವಳ ಊರಲ್ಲಿ ಹನ್ನೊಂದು ಹೆಣ್ಣುಮಕ್ಕಳು ಅವಳ ದಾರಿ ಕಾಯುತ್ತಿದ್ದರು. ಅಮಾವಾಸ್ಯೆಗೊಮ್ಮೆ ಅವರಲ್ಲಿ ಯಾರಾದರೂ ಬಂದು, “ಹಂಪಕ್ಕಾ, ಯಾವಾಗ ಬರ್ತಿ?” ಎಂದು ಕೇಳಿ ಹೋಗುತ್ತಿದ್ದರು. ಹಂಪವ್ವ ಅಜ್ಜಾರ ಕಡೆ ನೋಡುತ್ತಿದ್ದಳು. ಅಜ್ಜಾರು ಬಟ್ಟೆಯ ಕಡೆ ನೋಡುತ್ತಿದ್ದರು.

ಅವಳಷ್ಟು ವಿಧೇಯ ಶಿಷ್ಯೆ ಆ ಮಠಕ್ಕೆ ಬಂದಿರಲಿಲ್ಲ. ಅಜ್ಜಾರು ನಡುಹಗಲಿಗೆ ರಾತ್ರಿ ಎಂದರೆ ದೀಪ ಹಚ್ಚಿಕೊಂಡು ಬರುವವಳು. ಏನು ಹೇಳಿದರೂ ಒಂದೇ ಮಾತು: “ಹೌದ್ರಿ ಅಜ್ಜಾರ.”

ಒಂದು ಬೆಳಿಗ್ಗೆ ಅವಳು ಅಂಗಳ ಗುಡಿಸುತ್ತಿದ್ದಾಗ ಅಜ್ಜಾರು ಕರೆದರು.

“ಹಂಪವ್ವಾ.”

“ರೀ ಅಜ್ಜಾರ.”

“ಪ್ಯಾಟಿಗೆ ಹೋಗು. ಒಂದ್ ಮಿಷನ್ ತಗೊಂಡ್ ಬಾ.”

“ಯಾರಿಗ್ರಿ?”

“ನಿನಗ.”

ಕೈಯಲ್ಲಿದ್ದ ಕಸಬರಿಗೆ ಕೆಳಗೆ ಬಿತ್ತು.  ಆರು ವರ್ಷ ಕಾದ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಕಸಬರಿಗೆ ಎತ್ತಿಕೊಂಡು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

“ಎಂಥಾದ್ದು ತರಲ್ರಿ?”

“ಗಟ್ಟಿ ಇರಬೇಕು. ತುಟ್ಟಿ ಇರಬಾರ್ದು. ಹೊಲಿಯೂದೊಂದ ಬರಬೇಕು, ಮತ್ತೇನೂ ಬರಬಾರ್ದು.”

“ಹೌದ್ರಿ ಅಜ್ಜಾರ.”

ಪೇಟೆಯಲ್ಲಿ ಮಿಷನ್ ಮಾರುವವನು ಜಂಬಣ್ಣ. ಮಾತಿನಲ್ಲೇ ಮನೆ ಕಟ್ಟುವ ಮನುಷ್ಯ. ಹಂಪವ್ವ ಹೊಸ್ತಿಲು ದಾಟುವ ಮೊದಲೇ ಒಂದು ಬಿಳಿ ಮಿಷನ್ನಿನ ಮುಸುಕು ತೆಗೆದ.

“ಇದನ್ನ ನೋಡ್ರಿ ಯಕ್ಕಾ. ನಲವತ್ತು ನಮೂನಿ ಹೊಲಿಗಿ. ಹೂವು, ಬಳ್ಳಿ, ನವಿಲು. ಗುಂಡಿ ಒತ್ತಿದ್ರ ಮುಗೀತು.”

“ಕರೆಂಟ್ ಹೋದ್ರ?”

“ಬರೂತನಕ ಚಾ ಕುಡೀರಿ.”

ಮಿಷನ್ ತನ್ನಷ್ಟಕ್ಕೆ ಒಂದು ಬಳ್ಳಿ ಬಿಡಿಸಿತು. ಹಂಪವ್ವ ಬಾಯಿ ಬಿಟ್ಟು ನೋಡಿದಳು. ಅದನ್ನು ಕಂಡರೆ ಆ ಹನ್ನೊಂದು ಹುಡುಗಿಯರು ಕುಣಿದುಬಿಡುತ್ತಾರೆ ಎನ್ನಿಸಿತು. ಆಮೇಲೆ ಅಜ್ಜಾರ ಮಾತು ನೆನಪಾಗಿ ಮುಖ ತಿರುಗಿಸಿದಳು. ತಿರುಗಿಸಿದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಆಯಿತು. ಅಷ್ಟು ಚಂದದ್ದನ್ನು ಬಿಡುವುದೂ ಒಂದು ತಪಸ್ಸೇ ಅಲ್ಲವೇ ಎಂದುಕೊಂಡಳು.

“ಸಾದಾ ಮಿಷನ್ ತೋರಸ್ರಿ. ಕಾಲಿಲೆ ತುಳಿಯೂದು.”

ಜಂಬಣ್ಣನ ಮುಖ ಸ್ವಲ್ಪ ಬಾಡಿತು. ಮೂಲೆಯಲ್ಲಿದ್ದ ಒಂದು ಕರಿ ಮಿಷನ್ ತೋರಿಸಿದ. ಹೂವಿಲ್ಲ, ಬಳ್ಳಿಯಿಲ್ಲ. ನೆಟ್ಟನೆಯ ಹೊಲಿಗೆ ಒಂದೇ. ಬೆಲೆಯೂ ಕೈಗೆಟಕುವಷ್ಟೇ.

ಹಂಪವ್ವ ಸುಮ್ಮನೆ ಒಪ್ಪಲಿಲ್ಲ. ಸ್ಟ್ಯಾಂಡ್ ಹಿಡಿದು ಅಲುಗಾಡಿಸಿದಳು. ಗಾಲಿ ತಿರುಗಿಸಿ ಕಿವಿಗೊಟ್ಟಳು. ಬಾಬಿನ್ ತೆಗೆದು ಹಾಕಿದಳು. ಇದರ ಸೂಜಿ, ಗಾಲಿಯ ಪಟ್ಟಾ ಹಳ್ಳಿಯ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿದಳು. ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂದೂ ಕೇಳಿದಳು.

“ಹೊಲದು ನೋಡ್ರಿ, ನಿಮಗ ಗೊತ್ತಾಗ್ತೈತಿ,” ಎಂದು ಜಂಬಣ್ಣ ಒಂದು ಬಿಳಿ ಬಟ್ಟೆಯ ತುಂಡು ಕೊಟ್ಟ.

ಅವಳು ಹೊಲಿದಳು. ಹೊಲಿಗೆ ಇರುವೆ ಸಾಲಿನಂತೆ ಬಿತ್ತು. ಒಂದೂ ತಪ್ಪಲಿಲ್ಲ, ಒಂದೂ ಸುಕ್ಕುಗಟ್ಟಲಿಲ್ಲ.

ಆರು ವರ್ಷ ಬಟ್ಟೆ ಹಿಡಿದ ಕೈಗೆ ಆ ತುಂಡಿಗೆ ಗಂಜಿ ಹಾಕಿದ್ದು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗಲಿಲ್ಲ. ಮಠದಲ್ಲಿ ಅಡುಗೆಯ ದ್ಯಾಮಣ್ಣ ದಿನಾ ಅನ್ನ ಬಸಿದು ಗಂಜಿ ಎತ್ತಿಡುತ್ತಿದ್ದ. ಅಜ್ಜಾರ ಕಾವಿಯಿಂದ ಹಿಡಿದು ಕೈ ಒರೆಸುವ ಬಟ್ಟೆಯವರೆಗೆ ಎಲ್ಲವನ್ನೂ ಅದರಲ್ಲಿ ಅದ್ದುವುದು ಅಲ್ಲಿನ ರೂಢಿ. ಕಲಿಯುವವರ ತುಂಡುಬಟ್ಟೆಗೂ ಗಂಜಿಯೇ. ಹಾಗಾಗಿ ಬಟ್ಟೆ ಎಂದರೆ ಸೆಟೆದು ನಿಲ್ಲುವಂಥದ್ದೇ ಎಂದು ಹಂಪವ್ವನ ಬೆರಳುಗಳು ನಂಬಿಬಿಟ್ಟಿದ್ದವು.

“ಇದ ಇರಲ್ರಿ,” ಎಂದಳು.

ಜಂಬಣ್ಣ ಆ ತುಂಡನ್ನೂ ಅವಳಿಗೇ ಕೊಟ್ಟ. “ನಾಕ್ ಮಂದಿಗೆ ತೋರಸ್ರಿ.”

ಮರುದಿನ ಮಿಷನ್ ಪಡಸಾಲೆಗೆ ಬಂತು. ಮಠದವರೆಲ್ಲ ಸೇರಿದರು. ದ್ಯಾಮಣ್ಣ ಸೌಟು ಹಿಡಿದುಕೊಂಡೇ ಓಡಿ ಬಂದ.

ಅಜ್ಜಾರು ಒಂದು ಸುತ್ತು ಬಂದು ನೋಡಿದರು.

“ಯಾಕ ಇದನ್ನ ಆರಿಸಿದಿ?”

“ಇದಕ್ಕ ಡೌಲಿಲ್ಲರಿ ಅಜ್ಜಾರ.”

“ಮಿಷನ್ನಿಗೆ ಇಲ್ಲ.”

ಹಂಪವ್ವನ ಮುಖದ ನಗು ಅರ್ಧಕ್ಕೆ ನಿಂತಿತು.

“ಯಾವ ಬಟ್ಟಿ ಮ್ಯಾಲೆ ಹೊಲದು ನೋಡಿದಿ?”

ಅವಳು ಸೆರಗಿನ ಗಂಟಿನಿಂದ ಆ ಬಿಳಿ ತುಂಡು ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. ಅಜ್ಜಾರು ಹೊಲಿಗೆಯ ಮೇಲೆ ಬೆರಳಾಡಿಸಿದರು. ತಲೆದೂಗಿದರು. ಹಂಪವ್ವನಿಗೆ ಜೀವ ಬಂತು.

ಅಜ್ಜಾರು ಅದನ್ನು ಪಕ್ಕದ ನೀರಿನ ಕೊಡದೊಳಗೆ ಅದ್ದಿದರು. ಹಿಂಡಿದರು. ಮತ್ತೆ ಅದ್ದಿ ತಿಕ್ಕಿದರು. ನೀರು ಬೆಳ್ಳಗಾಯಿತು. ಕೈಯೆತ್ತಿದಾಗ ಆ ಬಟ್ಟೆ ಸತ್ತ ಮೀನಿನ ಹಾಗೆ ಜೋತುಬಿದ್ದಿತ್ತು. ಇರುವೆ ಸಾಲಿನಂಥ ಹೊಲಿಗೆ ಮುದುಡಿ ಸೊಟ್ಟಗಾಗಿತ್ತು.

ಹಂಪವ್ವ ಆ ಸೊಟ್ಟ ಹೊಲಿಗೆಯನ್ನೇ ನೋಡಿದಳು.

“ಊರಾಗ ನಿನ್ನ ಹತ್ರ ಮೊದಲ ಯಾರು ಬರ್ತಾರ?”

“ಹೆಣ್ಮಕ್ಳರಿ.”

“ಏನ್ ತರ್ತಾರ?”

ಅವಳಿಗೆ ಉತ್ತರ ಹೊಳೆಯಲಿಲ್ಲ.

“ನಿನ್ನ ಗಂಟು ತಾ.”

“ಹೌದ್ರಿ ಅಜ್ಜಾರ.”

ತಂದಳು. ಅಜ್ಜಾರು ಅವಳ ಎದುರೇ ಗಂಟು ಬಿಚ್ಚಿದರು. ಎರಡು ಸೀರೆ, ಒಂದು ಸೂಜಿಡಬ್ಬಿ. ಎಲ್ಲದರ ಕೆಳಗೆ ಮಡಿಸಿಟ್ಟಿದ್ದ ಒಂದು ಹಳೆಯ ಇಳಕಲ್ ಸೀರೆ. ಅಜ್ಜಾರ ಕೈ ಅದನ್ನೇ ಹಿಡಿಯಿತು.

ಹಂಪವ್ವ ಒಂದು ಹೆಜ್ಜೆ ಮುಂದೆ ಬಂದಳು.

“ಅಜ್ಜಾರ, ಅದು ನಮ್ಮವ್ವಂದು.”

“ಹೂಂ.”

“ಅವ್ವ ಈಗಿಲ್ಲರಿ.”

“ಹೂಂ.”

“ಅದೊಂದು ಬ್ಯಾಡ್ರಿ.”

ಅಜ್ಜಾರು ಸೀರೆಯ ಅಂಚನ್ನು ಸೂಜಿಯ ಕೆಳಗೆ ಇಟ್ಟರು. ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದ ಇಳಿಸಿದರು. ಪೆಡಲ್ ತುಳಿದರು.

ಮೂರು ಹೊಲಿಗೆ ಬಿತ್ತು. ನಾಲ್ಕನೆಯದಕ್ಕೆ ಮಿಷನ್ ಟಕ್ಕೆಂದಿತು. ಸೂಜಿಯ ಕೆಳಗಿನ ತೂತು ಸೀರೆಯನ್ನು ಒಳಕ್ಕೆ ಎಳೆದುಕೊಂಡಿತು. ದಾರ ಗಂಟುಗಂಟಾಗಿ ಸುತ್ತಿಕೊಂಡಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಅಜ್ಜಾರು ನಿಲ್ಲಿಸಲಿಲ್ಲ. ಇನ್ನೊಮ್ಮೆ ತುಳಿದರು.

ಸೀರೆ ಪರ್ರನೆ ಹರಿಯಿತು.

“ಏ ಮುದುಕಾ, ಬಿಡೋ!”

ಕೂಗಿದ್ದು ಯಾರೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಹಂಪವ್ವನಿಗೂ ತಿಳಿಯಲಿಲ್ಲ. ಅವಳು ಆಗಲೇ ಅಜ್ಜಾರ ಕೈಯನ್ನು ತಳ್ಳಿ, ಸೀರೆಗೆ ಅಡ್ಡ ಬಿದ್ದಿದ್ದಳು.

“ನಿನಗ ಕರುಳೈತೋ ಇಲ್ಲೋ? ಬ್ಯಾಡ ಅಂದ್ರ ಕೇಳಾಕ ಬರೂದಿಲ್ಲೇನು ನಿನಗ?”

ದ್ಯಾಮಣ್ಣನ ಸೌಟು ಕಲ್ಲಿನ ಮೇಲೆ ಬಿದ್ದು ಠಣ್ಣೆಂದಿತು.  ಗುರುವಿಗೆ ಏಕವಚನ. ಗುರುವಿನ ಕೈಯನ್ನು ತಳ್ಳಿದ್ದು. ಆ ಮಠದ ಕಲ್ಲುಕಂಬಗಳೂ ಅಂಥದ್ದನ್ನು ಕಂಡಿರಲಿಲ್ಲ. ನಿಂತವರೆಲ್ಲ ಗರ ಬಡಿದವರ ಹಾಗೆ ನಿಂತಲ್ಲೇ ನಿಂತರು.

ಅಜ್ಜಾರು ಪೆಡಲ್ ಮೇಲಿಂದ ಕಾಲು ತೆಗೆದರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗೆಯೂ ಇರಲಿಲ್ಲ.

“ಮಿಷನ್ ಸೋತೈತಿ,” ಎಂದರು. “ತಿರುಗಿ ಕೊಟ್ಟ ಬಾ.”

ಎದ್ದು ಹೊಳೆಗೆ ಸ್ನಾನಕ್ಕೆ ಹೋದರು.

ಎಲ್ಲರೂ ಚದುರಿದ ಮೇಲೆಯೂ ಹಂಪವ್ವ ಮಿಷನ್ನಿನ ಬಳಿಯೇ ಕೂತಳು. ಕಣ್ಣಲ್ಲಿ ನೀರು ಬಂತು. ಸೀರೆ ಹರಿದದ್ದಕ್ಕೋ, ತನ್ನ ಬಾಯಿಂದ ಬಂದ ಮಾತಿಗೋ ಅವಳಿಗೇ ಗೊತ್ತಾಗಲಿಲ್ಲ.

ಅವ್ವ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕಸ ಆರಿಸುತ್ತಿದ್ದವಳು. ಇಪ್ಪತ್ತು ವರ್ಷ ಅದೇ ಸೀರೆ ಉಟ್ಟಳು. ಒಗೆದು ಒಗೆದು ಅದು ಎಳೆಗೂಸಿನ ಕೆನ್ನೆಯಷ್ಟು ಮೆತ್ತಗಾಗಿತ್ತು. ಅವ್ವ ಸತ್ತಾಗ ಉಳಿದ ಸೀರೆಗಳನ್ನೆಲ್ಲ ಸೇರಿಸಿ ಹೊದೆಯುವ ಕೌದಿ ಹೊಲಿದರು. ಇದೊಂದನ್ನು ಹಂಪವ್ವ ಯಾರಿಗೂ ಕೊಟ್ಟಿರಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಉಟ್ಟಿರಲಿಲ್ಲ, ಗಂಜಿಗೂ ಅದ್ದಿರಲಿಲ್ಲ. ಗಂಜಿ ಹಾಕಿದರೆ ಅವ್ವನ ವಾಸನೆ ಹೋದೀತೆಂದು ಅವಳ ಭಯ.

ದ್ಯಾಮಣ್ಣ ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟ.

“ಅಜ್ಜಾರಿಗೆ ಯಾರೂ ಹಂಗ ಅಂದಿದ್ದಿಲ್ಲವ್ವ.”

“ನನ್ನ ಅಪ್ಪಣಿ ಹೋತು ಅಣ್ಣಾ.”

“ಹೋಗಿರಬೇಕು,” ಎಂದ ದ್ಯಾಮಣ್ಣ. ಸುಳ್ಳು ಸಮಾಧಾನ ಹೇಳುವ ಮನುಷ್ಯನಲ್ಲ ಅವನು. “ಮಜ್ಜಿಗಿ ಕುಡಿ.”

ಕುಡಿದಳು. ಆಮೇಲೆ ಸಣ್ಣ ಕತ್ತರಿ ತೆಗೆದುಕೊಂಡು ಮಿಷನ್ನಿನ ಬಾಯಿಂದ ಸೀರೆಯನ್ನು ಎಳೆಎಳೆಯಾಗಿ ಬಿಡಿಸತೊಡಗಿದಳು. ಕಣ್ಣಲ್ಲಿ ನೀರಿದ್ದರೂ ಅವು ದರ್ಜಿಯ ಕಣ್ಣುಗಳೇ. ನೋಡಬೇಕಾದ್ದನ್ನು ನೋಡಿದವು. ಸೂಜಿ ಇಳಿಯುವ ತೂತು ಬೇಕಾದ್ದಕ್ಕಿಂತ ಅಗಲ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳು ಗರಗಸದ ಹಾಗೆ ಚೂಪು. ಬೆರಳಿನಿಂದ ಒತ್ತಿದರೆ ಒಳಗಿನ ತಗಡು ಬಾಗುತ್ತಿತ್ತು. ಸಾದಾ ಇದ್ದದ್ದೆಲ್ಲ ಗಟ್ಟಿ ಎಂದುಕೊಂಡಿದ್ದಳಲ್ಲ! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುವವಳು, ಕರ್ರಗಿರುವುದೆಲ್ಲ ಕಬ್ಬಿಣವಲ್ಲ ಎಂಬುದನ್ನು ಮರೆತಿದ್ದಳು.

ಅಜ್ಜಾರು ಕೇಳಿದ್ದು ಆಗ ತಲೆಗೆ ಹೋಯಿತು. ಏನ್ ತರ್ತಾರ?

ಊರಲ್ಲಿ ಹೊಸ ಬಟ್ಟೆ ತರುವವರು ಯಾರಿದ್ದಾರೆ? ಅವ್ವನ ಸೀರೆ ತರುತ್ತಾರೆ, ಮಗಳಿಗೆ ಲಂಗ ಹೊಲಿಯಲು. ಅತ್ತೆಯ ಸೀರೆ ತರುತ್ತಾರೆ, ಕೌದಿಗೆ. ಗಂಡನ ಹಳೆಯ ಧೋತರ ತರುತ್ತಾರೆ, ಕೂಸಿನ ಅಂಗಿಗೆ. ಎಲ್ಲವೂ ಸವೆದದ್ದು, ಎಲ್ಲವೂ ಮೆತ್ತನೆಯದು, ಎಲ್ಲದರಲ್ಲೂ ಯಾರದೋ ಮೈಯ ವಾಸನೆ.

ಈ ಮಿಷನ್ ಊರಿಗೆ ಹೋಗಿದ್ದರೆ ಮೊದಲ ದಿನವೇ ಯಾರದೋ ಅವ್ವನ ಸೀರೆಯನ್ನು ತಿಂದಿರುತ್ತಿತ್ತು. ತುಳಿಯುವ ಕಾಲು ತನ್ನದಾಗಿರುತ್ತಿತ್ತು.

ಹಂಪವ್ವ ಕತ್ತರಿ ಕೆಳಗಿಟ್ಟಳು.

ಆದರೂ ಸಿಟ್ಟು ಇಳಿಯಲಿಲ್ಲ. ಅಜ್ಜಾರು ಹೇಳಿದ್ದು ಸರಿ. ಮಾಡಿದ್ದು ಸರಿಯಲ್ಲ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಮಲಗಿದಳು. ನಿದ್ದೆ ಬಂದದ್ದೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಟೆಂಪೊ ತರಿಸಿ ಮಿಷನ್ ಹೇರಿಸಿದಳು. ಹರಿದ ಸೀರೆಯನ್ನೂ ಕಂಕುಳಲ್ಲಿ ಇಟ್ಟುಕೊಂಡಳು. ಅಜ್ಜಾರಿಗೆ ಹೇಳಿಹೋಗಲಿಲ್ಲ. ಹಾಗೆ ಹೇಳದೆ ಹೊರಟದ್ದು ಆರು ವರ್ಷದಲ್ಲಿ ಅದೇ ಮೊದಲು.

ಜಂಬಣ್ಣ ಅವಳ ಮುಖ ನೋಡಿಯೇ ಗಾಬರಿಯಾದ.

“ಏನಾತ್ರಿ ಯಕ್ಕಾ?”

ಅವಳು ಸೀರೆಯನ್ನು ಅವನ ಮೇಜಿನ ಮೇಲೆ ಹರಡಿದಳು.

“ನಿಮ್ಮ ಮಿಷನ್ ತಿಂದೈತಿ.”

“ಹಳೀ ಬಟ್ಟಿ ಹಾಕಿದ್ರ ಹಿಂಗ ಆಗೂದರಿ. ಹೊಸಾ ಬಟ್ಟಿ ಹಾಕ್ರಿ.”

“ಹೊಸಾ ಬಟ್ಟಿ ನಮ್ಮೂರಿಗೆ ದೀಪಾವಳಿಗೆ ಬರ್ತೈತಿ. ಉಳದ ದಿನಾ ನಾ ಏನ್ ಹೊಲೀಲಿ?”

ಜಂಬಣ್ಣ ಸೀರೆಯನ್ನು ಮಡಿಸಿ ಅವಳ ಕಡೆ ಸರಿಸಿದ. 

ಹಂಪವ್ವ ಅವನ ಉತ್ತರಕ್ಕೆ ಕಾಯಲಿಲ್ಲ. ಅಂಗಡಿಯ ಒಂದೊಂದೇ ಮಿಷನ್ನಿನ ಮುಂದೆ ಕೂತಳು. ಹೇಗೂ ಹರಿದ ಅಂಚು. ಅದನ್ನೇ ಸೂಜಿಯ ಕೆಳಗಿಟ್ಟು, ಈ ಸಲ ಕಾಲಿನಿಂದ ತುಳಿಯದೆ ಕೈಯಿಂದ ಗಾಲಿ ತಿರುಗಿಸಿದಳು. ಒಂದು ಹೊಲಿಗೆ, ಎರಡು, ಮೂರು. ಸುಕ್ಕು ಕಂಡ ಕೂಡಲೇ ನಿಲ್ಲಿಸಿ ಮುಂದಿನದಕ್ಕೆ ಹೋದಳು. ನಲವತ್ತು ನಮೂನೆಯ ಬಿಳಿ ಮಿಷನ್ ಮೆತ್ತನೆಯ ಸೀರೆಯನ್ನು ಚೆನ್ನಾಗಿಯೇ ಹೊಲಿಯಿತು. ಅದೇ ಸೀರೆಯನ್ನು ಕೌದಿಯ ಹಾಗೆ ಎಂಟು ಮಡಿಕೆ ಮಾಡಿ ಇಟ್ಟಾಗ ಗುರ್ರೆಂದು ನಿಂತಿತು.

“ಗಿರಾಕಿ ಬರೂ ಹೊತ್ತು ಯಕ್ಕಾ,” ಜಂಬಣ್ಣ ಕೈ ಮುಗಿದ. “ಮರ್ಯಾದಿ ತೆಗೀಬ್ಯಾಡ್ರಿ.”

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮಿಷನ್ ಓಡುವ ಸದ್ದು ಕೇಳಿಸಿತು. ಕಟಕಟ ಎಂದು, ಒಂದೇ ಲಯದಲ್ಲಿ. ಹಂಪವ್ವ ಕಿವಿಗೊಟ್ಟಳು.

“ಅದು ಯಾವುದ್ರಿ?”

“ಅದು ಮನೀದು. ಮಾರೂದಲ್ಲ.”

ಅವಳು ಎದ್ದು ಒಳಗೆ ಹೋದಳು. ಜಂಬಣ್ಣನ ಹೆಂಡತಿ ನೀಲವ್ವ ಒಂದು ಹಳೆಯ ಧೋತರದ ಅಂಚು ಮಡಿಸಿ ಹೊಲಿಯುತ್ತಿದ್ದಳು. ಬಣ್ಣ ಹೋಗಿ, ಹೆಸರೂ ಅಳಿಸಿ, ಇದು ಯಾವ ಕಂಪನಿಯದೆಂದು ದೇವರಿಗೇ ಗೊತ್ತು ಎನ್ನುವಂಥ ಮಿಷನ್. ಹಂಪವ್ವ ಧೋತರವನ್ನು ಮುಟ್ಟಿ ನೋಡಿದಳು. ಆಚೆಯ ಬೆಳಕು ಕಾಣುವಷ್ಟು ಸವೆದಿತ್ತು. ಅದರ ಮೇಲೆ ಹೊಲಿಗೆ ನೆಟ್ಟಗೆ ಕೂತಿತ್ತು.

“ಹೊರಗ ಇಷ್ಟ ಹೊಸಾವು ಅದಾವ. ಇದರಾಗ ಯಾಕ ಹೊಲಿತೀರಿ?”

ನೀಲವ್ವ ಬಾಗಿಲಲ್ಲಿ ನಿಂತ ಗಂಡನ ಮುಖ ನೋಡಿದಳು. ಅವನು ಬೇಡ ಎಂದು ಕಣ್ಸನ್ನೆ ಮಾಡಿದ. ಅವಳಿಗೆ ನಗು ತಡೆಯಲಾಗಲಿಲ್ಲ.

“ಅವು ಮಾರಾಕ ಇರ್ತಾವವ್ವ. ಹೊಲಿಯಾಕಲ್ಲ.”

ಹಂಪವ್ವ ಬೆಪ್ಪಾಗಿ ನಿಂತಳು. ಇಷ್ಟು ದೊಡ್ಡ ಸತ್ಯವನ್ನು ಇಷ್ಟು ಸಲೀಸಾಗಿ ಯಾರಾದರೂ ಹೇಳುತ್ತಾರೆಂದು ಅವಳು ಎಣಿಸಿರಲಿಲ್ಲ. ಜಂಬಣ್ಣ ಗೋಡೆ ಕಡೆ ತಿರುಗಿಕೊಂಡ.

“ಇದರ ಜೋಡಿ ಒಂದು ಅಟ್ಟದ ಮ್ಯಾಲ ಐತಿ,” ಎಂದಳು ನೀಲವ್ವ. “ಯಾರೋ ದರ್ಜಿ ಬದಲಿಗೆ ಕೊಟ್ಟು ಹೋದದ್ದು. ಹಳೇದು, ಯಾರೂ ಕೇಳೂದಿಲ್ಲಂತ ಇವ್ರು ಮ್ಯಾಲ ಒಗದಾರ.”

ಇಳಿಸಿದರು. ಧೂಳು, ಜೇಡರ ಬಲೆ, ಗಾಲಿಗೆ ತುಕ್ಕು. ಹಂಪವ್ವ ಸೆರಗು ಸಿಕ್ಕಿಸಿಕೊಂಡು ಕೂತಳು. ಒರೆಸಿದಳು, ಎಣ್ಣೆ ಬಿಟ್ಟಳು, ಹೊಸ ಸೂಜಿ ಹಾಕಿದಳು. ಪಟ್ಟಾ ಬದಲಿಸಿದಳು. ಅರ್ಧ ದಿನ ಹಿಡಿಯಿತು. ಗಾಲಿ ತಿರುಗಿಸಿದಾಗ ಮೊದಲು ನರಳಿತು, ಆಮೇಲೆ ಒಗ್ಗಿತು.

ಅವ್ವನ ಸೀರೆಯ ಒಂದು ಪದರ ಇಟ್ಟಳು. ಹೊಲಿಯಿತು. ಎಂಟು ಮಡಿಕೆ ಇಟ್ಟಳು. ಅದನ್ನೂ ಹೊಲಿಯಿತು. ಅವಳು ಗಾಲಿಯ ಮೇಲೆ ಕೈಯಿಟ್ಟುಕೊಂಡು, ಇದು ನಿಜವೇ ಎಂದು ಇನ್ನೊಂದು ಸಲ ಹೊಲಿದು ನೋಡಿದಳು.

ಬೆಲೆ ಹೊಸದಕ್ಕಿಂತ ಕಡಿಮೆಯೇ ಆಯಿತು. ಜಂಬಣ್ಣ ಕರಿ ಮಿಷನ್ ವಾಪಸ್ ಇಟ್ಟುಕೊಂಡು, ಉಳಿದ ಹಣ ಕೊಟ್ಟು, “ಯಕ್ಕಾ, ನಮ್ಮಾಕಿ ಅಂದಿದ್ದು ಯಾರ ಮುಂದೂ ಹೇಳಬ್ಯಾಡ್ರಿ,” ಎಂದ.

ಸಂಜೆಗೆ ಮಿಷನ್ ಪಡಸಾಲೆಗೆ ಬಂತು. ಈ ಸಲ ಯಾರೂ ಓಡಿ ಬರಲಿಲ್ಲ. ಒಬ್ಬೊಬ್ಬರಾಗಿ ಬಂದು ಕಂಬಗಳ ಹತ್ತಿರ ನಿಂತರು. ಇನ್ನೇನು ಆಗುತ್ತದೋ ಎಂಬ ಅಂಜಿಕೆ ಎಲ್ಲರ ಮುಖದಲ್ಲಿತ್ತು.

ಅಜ್ಜಾರು ಬಂದು ನೋಡಿದರು.

“ಕೊಟ್ಟ ಬಾ ಅಂದಿದ್ದೆ. ತಗೊಂಡ ಬಾ ಅಂದಿದ್ದಿಲ್ಲ.”

“ಅಂದಿದ್ದಿಲ್ಲರಿ,” ಎಂದಳು ಹಂಪವ್ವ.

ಅಜ್ಜಾರು ಮಿಷನ್ನಿನ ಮುಂದೆ ಕೂತು ಕೈ ಚಾಚಿದರು.

“ಬಟ್ಟಿ ಕೊಡು.”

ಹಂಪವ್ವ ಸೀರೆಯನ್ನು ಎದೆಗವಚಿಕೊಂಡಳು.  

“ಇವತ್ತ ನಂದು ಕೊಡೂದಿಲ್ಲರಿ. ನಿಮ್ಮದು ಕೊಡ್ರಿ.”

 ಅಜ್ಜಾರು ಹೆಗಲ ಮೇಲಿನ ಕಾವಿ ಶಲ್ಯಕ್ಕೆ ಕೈ ಹಾಕಿದರು.

“ಅದಲ್ಲರಿ. ಅದಕ್ಕ ಗಂಜಿ ಐತಿ. ಹರದ್ರೂ ನಿಮಗ ಏನೂ ಅನಸೂದಿಲ್ಲ. ಹರದ್ರ ನಿಮ್ಮ ಜೀವಾ ಚುರ್ ಅನ್ನಬೇಕು. ಅಂಥಾದ್ದು ಕೊಡ್ರಿ.”

ದ್ಯಾಮಣ್ಣ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಅಜ್ಜಾರು ಹಂಪವ್ವನನ್ನೇ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ.

ಅಜ್ಜಾರು ಎದ್ದರು. ಒಳಗೆ ಹೋದರು.

ಬಹಳ ಹೊತ್ತು ಬರಲಿಲ್ಲ. ಬಂದಾಗ ಅವರ ಕೈಯಲ್ಲಿ ಒಂದು ಹಳೆಯ ವಲ್ಲಿ ಇತ್ತು. ರೈತರು ಹೆಗಲ ಮೇಲೆ ಹಾಕಿಕೊಳ್ಳುವಂಥದ್ದು. ಬಿಳುಪು ಹೋಗಿ ಬೂದಿ ಬಣ್ಣಕ್ಕೆ ಬಂದಿತ್ತು, ನೂಲು ನೂಲು ಬೇರೆಯಾಗಿ ಕಾಣುತ್ತಿತ್ತು. ಮಠದಲ್ಲಿ ಯಾರೂ ಅದನ್ನು ಹಿಂದೆಂದೂ ಕಂಡಿರಲಿಲ್ಲ.

ಅದನ್ನು ಸೂಜಿಯ ಕೆಳಗೆ ಇಟ್ಟ ಅಜ್ಜಾರು ಮತ್ತೆ ಹೊರಗೆ ತೆಗೆದು, ಅಂಗೈಯಿಂದ ಸವರಿ ಇಟ್ಟರು. ಅದನ್ನು ಹಂಪವ್ವ ನೋಡಿದಳು. ಒಮ್ಮೆಲೇ ಅವಳಿಗೆ ಹೆದರಿಕೆಯಾಯಿತು. ಬೇಡ, ಸಾಕು ಎನ್ನಬೇಕೆನ್ನಿಸಿತು. ಅಷ್ಟರಲ್ಲಿ ಅಜ್ಜಾರು ತುಳಿದಿದ್ದರು.

ಮಿಷನ್ ಕಟಕಟ ಎಂದು ಓಡಿತು. ಆ ತುದಿಯಿಂದ ಈ ತುದಿಗೆ ಹೊಲಿಗೆ ನೆಟ್ಟಗೆ ಬಿತ್ತು. ವಲ್ಲಿ ಒಂದು ಎಳೆಯೂ ಮುದುಡಲಿಲ್ಲ.

ಅಜ್ಜಾರು ಹಲ್ಲಿನಿಂದ ದಾರ ಕಡಿದರು.

 ಆಗ ಹಂಪವ್ವ ಅಂದಳು.

“ನಿನ್ನೆ ನಮ್ಮವ್ವನ ಸೀರಿ ಹಾಕಿದ್ದು ತಪ್ಪರಿ ಅಜ್ಜಾರ. ಮಿಷನ್ ನೋಡಾಕ ಯಾವ ಹಳೀ ಬಟ್ಟಿ ಆದ್ರೂ ಸಾಕಿತ್ತು.”

“ತಪ್ಪ,” ಎಂದರು ಅಜ್ಜಾರು.

ಅವಳು ಆ ಉತ್ತರಕ್ಕೆ ಸಿದ್ಧಳಾಗಿರಲಿಲ್ಲ. ಕಣ್ಣು ತುಂಬಿಕೊಂಡವು.

“ನಾನೂ ಬೈದೆ. ಕೈ ತಳ್ಳಿದೆ. ನನಗ ಇನ್ನ ಅಪ್ಪಣಿ ಸಿಗೂದಿಲ್ಲಂತ ಗೊತ್ತೈತ್ರಿ. ಮಿಷನ್ ಆದ್ರೂ ನಮ್ಮೂರಿಗೆ ಕಳಸ್ರಿ.”

“ಅಪ್ಪಣಿ ನಿನ್ನೇ ಕೊಟ್ಟೀನಿ.”

“ಯಾವಾಗ್ರಿ?”

“ನೀ ನನ್ನ ಕೈ ತಳ್ಳಿದಾಗ.”

ಹಂಪವ್ವ ತಾನು ಕೇಳಿದ್ದನ್ನು ನಂಬಲಿಲ್ಲ. ದ್ಯಾಮಣ್ಣನ ಕಡೆ ನೋಡಿದಳು. ಅವನೂ ಬಾಯಿ ತೆರೆದುಕೊಂಡೇ ನಿಂತಿದ್ದ.

“ಗುರುವಿಗೆ ಬೈದಿದ್ದಕ್ಕ ಅಪ್ಪಣಿ ಏನ್ರಿ ಅಜ್ಜಾರ?”

ಅಜ್ಜಾರು ವಲ್ಲಿಯನ್ನು ತೊಡೆಯ ಮೇಲೆ ಬಿಡಿಸಿಟ್ಟರು. ಅದರ ನಟ್ಟನಡುವೆ ಗೇಣುದ್ದದ ಒಂದು ಹಳೆಯ ಹರಕು ಇತ್ತು. ಯಾರೋ ಕೈಯಿಂದ, ಬಹಳ ಸಣ್ಣ ಸಣ್ಣ ಹೊಲಿಗೆ ಹಾಕಿ ಅದನ್ನು ಕೂಡಿಸಿದ್ದರು. ಅಜ್ಜಾರು ಅದರ ಮೇಲೆ ಹೆಬ್ಬೆರಳಿಟ್ಟರು.

“ಇದು ನಮ್ಮಪ್ಪಂದು. ನನ್ನ ಗುರುಗಳು ಇದನ್ನ ಹರದಾಗ ನಾ ಕೈಕಟ್ಟಿ ನಿಂತು ಹೌದ್ರಿ ಅಂದೆ. ನನಗ ಅಪ್ಪಣಿ ಇನ್ನೂ ಸಿಕ್ಕಿಲ್ಲವ್ವ.”